ಸೊನ್ನೆಯ ಕೆಳಗೆ ಸಹಿ ಹಾಕದ ನ್ಯಾಬಿಸೆ

ಬೆಳಿಗ್ಗೆ ಹತ್ತಕ್ಕೆ ಗಾಳಿ ನಿಂತಿತು. ಉಕೆರೆವೆ ದ್ವೀಪದ ಸುತ್ತ ಸರೋವರ ಎಣ್ಣೆ ಸವರಿದಂತೆ ನಿಶ್ಚಲವಾಯಿತು. ಮೊಬೈಲ್ ಗೋಪುರದ ಬುಡದ ತಗಡಿನ ಕೋಣೆಯಲ್ಲಿ ತಂತ್ರಜ್ಞೆ ನ್ಯಾಬಿಸೆ ಮಗೆಸಾ ಯಂತ್ರದ ಪರದೆಯತ್ತ ಬೆರಳು ತೋರಿಸಿದಳು. ಆಚೆ ದಡದ ಮ್ವಾಂಜಾ ನಗರದಿಂದ ಫೆರಿಯಲ್ಲಿ ಬಂದಿದ್ದ ಮೇಲಧಿಕಾರಿ ಲುಗೋಲಾ ಪಕ್ಕದಲ್ಲಿ ನಿಂತಿದ್ದ.

ಆಚೆ ದಡದಿಂದ ಬರುವ ರೇಡಿಯೊ ಸಂಕೇತದ ಜೊತೆ ತಾಳೆ ನೋಡಲು ಕೆಲವು ಹೆಚ್ಚುವರಿ ಬಿಟ್‌ಗಳೂ ಬರುತ್ತವೆ. ದಾರಿಯಲ್ಲಿ ಕೆಟ್ಟದ್ದನ್ನು ಯಂತ್ರ ಅವುಗಳ ನೆರವಿನಿಂದ ಸರಿಪಡಿಸಿಕೊಳ್ಳುತ್ತದೆ. ಪರದೆಯ ಮೇಲಿನ ಸಾಲಿನಲ್ಲಿ, ಸರಿಪಡಿಸಿದ ಮೇಲೆ ಉಳಿದ ತಪ್ಪು: ಸೊನ್ನೆ. ಕೆಳಗಿನ ಸಾಲಿನಲ್ಲಿ, ಸರಿಪಡಿಸುವ ಮೊದಲಿನ ತಪ್ಪು: ಹತ್ತು ಸಾವಿರ ಬಿಟ್‌ಗೆ ಏಳು. ಅದು ಹತ್ತು ದಾಟಿದರೆ ಯಂತ್ರ ಕೈಚೆಲ್ಲುತ್ತದೆ. ದ್ವೀಪದ ಫೋನುಗಳೆಲ್ಲ ಒಟ್ಟಿಗೆ ಸಾಯುತ್ತವೆ.

"ಸೊನ್ನೆ ಇದೆಯಲ್ಲ. ಪರೀಕ್ಷೆಯ ಫಾರಂಗೆ ಸಹಿ ಹಾಕು," ಎಂದ ಲುಗೋಲಾ.

"ಕೆಳಗಿನ ಸಾಲನ್ನೂ ಓದಿ. ಕಣ್ಣಿದೆಯಲ್ಲ?"

"ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ."

"ಈ ಏಳು ಕಾಣಬಾರದು ಅಂತಲೇ ನೀವು ಪರೀಕ್ಷೆನ ಮಧ್ಯಾಹ್ನ ಮಾಡಿಸಿದ್ದು. ಆಗ ಅಲೆ ಏಳುತ್ತೆ, ನೀರಿಗೆ ಬಿದ್ದ ಸಿಗ್ನಲ್ ಚೆದುರಿಹೋಗುತ್ತೆ, ತೊಂದರೆ ಕೊಡಲ್ಲ. ಈಗ ನೀರು ಕನ್ನಡಿ. ಅಲ್ಲಿಂದ ಪುಟಿದು ಬಂದದ್ದು ನೆಟ್ಟಗೆ ಬರೋದನ್ನ ಗುದ್ದುತ್ತೆ."

ನ್ಯಾಬಿಸೆ ಇದನ್ನು ತರಬೇತಿಯಲ್ಲಿ ಕಲಿತವಳಲ್ಲ. ಸರೋವರ ಯಾವ ಹೊತ್ತಿಗೆ ಮಲಗುತ್ತದೆ ಎಂಬುದನ್ನು ಅಪ್ಪನ ದೋಣಿಯಲ್ಲಿ ಕುಳಿತು ತಿಳಿದವಳು. ಹನ್ನೊಂದು ವರ್ಷದಿಂದ ಈ ಗೋಪುರ ಹತ್ತುತ್ತಿದ್ದಾಳೆ. ಹೊಸ ಲೈನಿನ ನಕ್ಷೆಯಲ್ಲಿ ಸಂಕೇತ ಹಿಡಿಯುವ ಎರಡು ಡಿಶ್‌ಗಳಿವೆ. ಒಂದಕ್ಕೆ ಪೆಟ್ಟು ಬಿದ್ದಾಗ ಇನ್ನೊಂದು ಹಿಡಿಯಲಿ ಎಂದು. ಗುತ್ತಿಗೆದಾರ ಒಂದನ್ನೇ ಕಟ್ಟಿದ. ಲುಗೋಲಾ ಒಪ್ಪಿಗೆ ಕೊಟ್ಟ.

"ಶುಕ್ರವಾರ ಹೊಸ ಲೈನಿನ ಉದ್ಘಾಟನೆ. ನೀನೇನು ಸರೋವರದ ಯಜಮಾನಿನಾ? ಕಂಬ ಹತ್ತೋದು ನಿನ್ನ ಕೆಲಸ, ಲೆಕ್ಚರ್ ಕೊಡೋದಲ್ಲ."

"ಲೈನ್ ಬಿದ್ದರೆ ಮೀನು ಒಣಗಿಸೋ ಹೆಂಗಸರು ಮ್ವಾಂಜಾಕ್ಕೆ ಬಂದು ನಿಮ್ಮನ್ನ ಬೈತಾರಾ, ಬ್ವಾನಾ? ನನ್ನ ಬಾಗಿಲಿಗೇ ಬರ್ತಾರೆ. ಸಹಿ ನನ್ನದಿರುತ್ತಲ್ಲ."

"ಹಾಕದಿದ್ರೆ ಈ ದ್ವೀಪದಲ್ಲಿ ನಿನಗೆ ಕೆಲಸ ಇರಲ್ಲ. ಗೊತ್ತಲ್ಲ?"

"ಇಲ್ಲಿ ಹುಟ್ಟಿದವಳು ನಾನು. ಇಲ್ಲಿರೋಕೆ ನಿಮ್ಮ ಅಪ್ಪಣೆ ಬೇಕಾ?"

ಅವಳು ಪೆನ್ನು ತೆಗೆದುಕೊಂಡಳು. ಫಾರಂನ ಕೊನೆಯ ಗೆರೆಯ ಕೆಳಗೆ ಕೈಯಿಂದಲೇ ಇನ್ನೊಂದು ಗೆರೆ ಎಳೆದು, 'ಸರಿಪಡಿಸುವ ಮೊದಲು: ಹತ್ತು ಸಾವಿರಕ್ಕೆ ಏಳು, ಬೆಳಿಗ್ಗೆ ಹತ್ತೂಕಾಲು' ಎಂದು ಬರೆದು, ಅದರಡಿ ಸಹಿ ಹಾಕಿದಳು.

ಲುಗೋಲಾ ಹಾಳೆಯನ್ನು ಅವಳ ಮುಖದೆದುರೇ ಹರಿದ. "ಇದನ್ನ ಮೀನು ಕಟ್ಟೋಕೆ ಕೊಡು," ಎಂದು ಚೂರುಗಳನ್ನು ಮೇಜಿನ ಮೇಲೆ ಎಸೆದು ಫೆರಿಗೆ ನಡೆದ.

ಸಂಜೆಗೆ ಆದೇಶ ಬಂತು: ಸೋಮವಾರದಿಂದ ನ್ಯಾಬಿಸೆಗೆ ಮ್ವಾಂಜಾದ ಉಗ್ರಾಣದಲ್ಲಿ ಕೆಲಸ. ಹೊಸ ಫಾರಂಗೆ ಸಹಿ ಹಾಕುವ ತಂತ್ರಜ್ಞ ಉದ್ಘಾಟನೆಗೆ ಮೊದಲೇ, ಗುರುವಾರದ ಫೆರಿಯಲ್ಲಿ ಬರುತ್ತಾನೆ.