ಸೋಮವಾರದ ಲಾರಿ ಮತ್ತು ಪುಟ್ಟಸಿದ್ದಯ್ಯನವರ ಸಹಿ

ಗಡಿಯಾಚೆಗೆ ಸರಕು ಸಾಗಿಸುವ ವಿದ್ಯೆಯ ಬಗ್ಗೆ ದೊಡ್ಡ ಊರುಗಳಲ್ಲಿ ದೊಡ್ಡ ಮಾತುಗಳು ನಡೆಯುತ್ತಿರುತ್ತವೆ. ಅಲ್ಲಿ ಬಂದರು, ವಿಮಾನ ನಿಲ್ದಾಣ, ಆರು ಪಥದ ಹೆದ್ದಾರಿಗಳ ಚಿತ್ರಗಳನ್ನು ತೋರಿಸುತ್ತಾರೆ. ಹನೂರಿನ ನಮ್ಮ ಗಡಿ ರೈತರ ಸಾಗಣೆ ಸಹಕಾರ ಸಂಘಕ್ಕೆ ಇರುವುದು ಲಾರಿಗಳನ್ನು ಸರಕಿನ ಸಮೇತ ತೂಗುವ ಒಂದು ತೂಕದ ಸೇತುವೆ, ತಗಡಿನ ಎರಡು ಗೋದಾಮು ಮತ್ತು ಸಂಘದಲ್ಲಿ ಮೂವತ್ತಾರು ವರ್ಷ ದುಡಿದು ಈಗ ಅವುಗಳ ಬೀಗದ ಕೈ ಹಿಡಿದಿರುವ ಶ್ರೀ ಪುಟ್ಟಸಿದ್ದಯ್ಯನವರು ಮಾತ್ರ. ಇಲ್ಲಿಂದ ತಮಿಳುನಾಡಿನ ಮಾರುಕಟ್ಟೆಗೆ ಒಂದು ಲೋಡು ತಲುಪಲು ಹಿಂದೆ ಹಿಡಿಯುತ್ತಿದ್ದ ಹದಿನಾಲ್ಕು ಗಂಟೆ ಇಂದು ಐದು ಗಂಟೆಗೆ ಇಳಿದಿದ್ದರೆ, ಅದರಲ್ಲಿ ರಸ್ತೆಯ ಪಾಲು ಕಡಿಮೆ, ಇವರ ಪಾಲು ಹೆಚ್ಚು. ಈ ತಿಂಗಳ ಕೊನೆಗೆ ಅವರು ಸಂಘದ ಕಾರ್ಯದರ್ಶಿ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ.

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನ ರೈತ ಕುಟುಂಬದಲ್ಲಿ ಹುಟ್ಟಿದ ಪುಟ್ಟಸಿದ್ದಯ್ಯನವರು ೧೯೮೯ರಲ್ಲಿ ಸಂಘದ ಯಳಂದೂರು ಶಾಖೆಗೆ ತೂಕದ ಗುಮಾಸ್ತರಾಗಿ ಸೇರಿದರು. ಭತ್ತದ ಮೂಟೆಗಳನ್ನು ತೂಗಿ ಚೀಟಿ ಬರೆದುಕೊಡುವುದಷ್ಟೇ ಕೆಲಸ. ಆದರೆ ಮೂಟೆ ಲಾರಿ ಹತ್ತಿದ ಮೇಲೆ ಅದಕ್ಕೇನಾಗುತ್ತದೆ ಎಂಬ ಕುತೂಹಲ ಅವರನ್ನು ಬಿಡಲಿಲ್ಲ. ಒಂದು ದಿನ ರಜೆ ಹಾಕಿ, ಚಾಲಕನ ಪಕ್ಕದಲ್ಲಿ ಕುಳಿತು ಗಡಿಯವರೆಗೂ ಹೋಗಿಯೇಬಿಟ್ಟರು. ಅಲ್ಲಿ ಅವರು ಕಂಡದ್ದಿಷ್ಟು: ತಾವು ಮುತ್ತು ಪೋಣಿಸಿದಂತೆ ಬರೆದಿದ್ದ ಕನ್ನಡದ ಚೀಟಿಯನ್ನು ಆಚೆಯವರು ಯಾರೂ ಓದಲಾರರು, ಓದಲಾಗದ್ದನ್ನು ನಂಬಲಾರರು, ನಂಬದಿದ್ದಕ್ಕೆ ಮೂಟೆಗಳನ್ನೆಲ್ಲ ಇಳಿಸಿ, ಬಿಚ್ಚಿ, ಮತ್ತೆ ತೂಗುತ್ತಾರೆ. ಲಾರಿಗಳು ಸಾಲಾಗಿ ನಿಂತಿರುತ್ತವೆ.

ಊರಿಗೆ ಮರಳಿದವರೇ ಎರಡು ಭಾಷೆಯ ಚೀಟಿಯೊಂದನ್ನು ತಾವೇ ಗೆರೆ ಎಳೆದು ಸಿದ್ಧಪಡಿಸಿದರು. ಗಡಿಯಲ್ಲಿರುವ ಪಾಲಾರಿನ ಚಹಾದಂಗಡಿಯಲ್ಲಿ ಕೂತು ತಮಿಳು ಕಲಿತರು. ಅವರ ತಮಿಳಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಟೆ, ಮೊಹರು, ತೂಕ, ಸಾಲು, ಚಹಾ ಇವಿಷ್ಟರ ವಿಷಯದಲ್ಲಿ ಅವರು ನಿರರ್ಗಳವಾಗಿ ಮಾತನಾಡಬಲ್ಲರು. ಎದುರಿನವರ ಮನೆಮಂದಿಯ ಕ್ಷೇಮ ಕೇಳಲು ಮಾತ್ರ ಇಂದಿಗೂ ತಡವರಿಸುತ್ತಾರೆ. ಮುಂದೆ ಆಚೆ ಕಡೆಯ ವ್ಯಾಪಾರಿಯ ಆಳನ್ನೇ ಇಲ್ಲಿಗೆ ಕರೆಸಿ, ಅವನ ಕಣ್ಣೆದುರೇ ತೂಗಿ, ಇಬ್ಬರೂ ಮೊಹರು ಒತ್ತುವ ಪದ್ಧತಿಯನ್ನು ತಂದರು. ಒಮ್ಮೆ ತೂಗಿದ್ದನ್ನು ಮತ್ತೆ ತೂಗುವುದು ನಿಂತಿತು. ೨೦೧೭ರಲ್ಲಿ ಗಡಿಯ ತೆರಿಗೆ ಠಾಣೆಗಳನ್ನು ಎತ್ತಿದಾಗ ಎಲ್ಲರೂ ಇನ್ನು ತಾಪತ್ರಯ ಮುಗಿಯಿತು ಎಂದರು. ತಾಪತ್ರಯದ ಅರ್ಧದಷ್ಟು ನಮ್ಮ ಕಡೆಯೇ ಇದೆ ಎಂದು ಪುಟ್ಟಸಿದ್ದಯ್ಯನವರಿಗೆ ಮೊದಲೇ ಗೊತ್ತಿತ್ತು.

ಹನೂರಿಗೆ ಕಾರ್ಯದರ್ಶಿಯಾಗಿ ಬಂದ ವರ್ಷ ತೂಕದ ಸೇತುವೆಗೆ ಮಂಜೂರಾತಿ ಸಿಕ್ಕಿತ್ತು. ಅವರು ಮೊದಲು ಕಟ್ಟಿಸಿದ್ದು ಈರುಳ್ಳಿ ಆರಿಸಲು ಬರುವ ಹೆಂಗಸರಿಗೆ ನೆರಳು ಮತ್ತು ಶೌಚಾಲಯವನ್ನು. ಲೆಕ್ಕ ಪರಿಶೋಧಕರು ಆಕ್ಷೇಪಿಸಿದಾಗ, "ಸಾ, ಸೇತುವೆ ಆರ್ ತಿಂಗ್ಳು ಕಾಯ್ತದೆ. ಇವ್ರು ಎಂಗ್ ಕಾಯಾರು?" ಎಂದು ಕೇಳಿದರಂತೆ. ಆಕ್ಷೇಪಣೆ ಕಡತದಲ್ಲಿ ಹಾಗೆಯೇ ಉಳಿದಿದೆ. ಶೌಚಾಲಯವೂ ಉಳಿದಿದೆ.

ನಾನು ಸಂಘಕ್ಕೆ ಸಾಗಣೆ ಸಹಾಯಕಿಯಾಗಿ ಸೇರಿದ್ದು ಆ ೨೦೧೭ರಲ್ಲೇ, ಎರಡು ವರ್ಷದ ಪರೀಕ್ಷಾರ್ಥ ಅವಧಿಯ ಮೇಲೆ. ನನ್ನ ತಾಯಿ ರತ್ನಮ್ಮ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು; ಬಿಸಿನೀರಿನಲ್ಲಿ ಬೆರಳು ಬೆಂದು ಆ ಕೆಲಸ ಬಿಟ್ಟಿದ್ದರು. ಮನೆ ನನ್ನ ಸಂಬಳದ ಮೇಲೆಯೇ ನಿಂತಿತ್ತು. ಪೇಟೆಯಲ್ಲಿ ಬೆಳೆದ ನನಗೆ ಕಂಪ್ಯೂಟರ್ ಗೊತ್ತಿತ್ತು, ಎತ್ತು ಗೊತ್ತಿರಲಿಲ್ಲ.

ಮರುವರ್ಷ ಸೇಲಂ ಕಡೆಯ ಒಬ್ಬ ದೊಡ್ಡ ವ್ಯಾಪಾರಿಯೊಡನೆ ಒಪ್ಪಂದವಾಯಿತು. ಗೋಪಿನಾಥಂ ಸುತ್ತಿನ ಕಾಡಂಚಿನ ಹಾಡಿಗಳ ಸಣ್ಣ ಈರುಳ್ಳಿಯನ್ನು ಪ್ರತಿ ಮಂಗಳವಾರ ಬೆಳಿಗ್ಗೆ ನಾವು ಅವರ ಗೋದಾಮಿಗೆ ತಲುಪಿಸಬೇಕು. ಅಲ್ಲಿಂದ ಅದು ಕಂಟೇನರಿನಲ್ಲಿ ಬಂದರಿಗೆ, ಬಂದರಿನಿಂದ ಹೊರದೇಶಕ್ಕೆ ಹೋಗಬೇಕು. ವೇಳಾಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳವಾರ ತಲುಪಬೇಕಾದರೆ ಸೋಮವಾರ ಲಾರಿ ತುಂಬಬೇಕು. ಸೋಮವಾರ ಬೆಳಿಗ್ಗೆ ಎತ್ತಿನ ಗಾಡಿಗಳು ಹಾಡಿಯಿಂದ ರಸ್ತೆಗೆ ಇಳಿಯಬೇಕು. ಬಣ್ಣಬಣ್ಣದ ಪಟ್ಟಿ ಮಾಡಿ ಪುಟ್ಟಸಿದ್ದಯ್ಯನವರ ಮುಂದಿಟ್ಟೆ. ಅವರು ಯಾವುದೋ ಲಾರಿಯ ಕಾಗದ ಹುಡುಕುವ ಅವಸರದಲ್ಲಿ ಸಹಿ ಹಾಕಿದರು.

ಮೊದಲ ಸೋಮವಾರ ಹತ್ತು ಗಂಟೆಗೆ ನಾನು ಲಾರಿಯೊಡನೆ ಗೋಪಿನಾಥಂನಲ್ಲಿದ್ದೆ. ಒಂದು ಮೂಟೆಯೂ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಹಾಡಿಗೆ ನಡೆದುಹೋದರೆ, ಗಾಡಿಯ ಚಿಕ್ಕಮಾದಪ್ಪನವರು ಎತ್ತುಗಳ ಮೈ ತೊಳೆಯುತ್ತ ನಿಂತಿದ್ದರು. ಮೂಟೆಗಳು ಜಗಲಿಯಲ್ಲಿ ಕಟ್ಟಿ ಸಿದ್ಧವಾಗಿದ್ದವು.

"ಯಾಕೆ ಗಾಡಿ ಕಟ್ಟಲಿಲ್ಲ?" ಎಂದೆ.

"ಇವತ್ತು ಸ್ವಾಮಾರ ಅಲ್ವಾ ಕಣವ್ವ. ಸ್ವಾಮಾರ ಎತ್ತಿನ್ ಎಗಲ್ ಮೇಲೆ ನೊಗ ಮಡಗ್ತಾರಾ?" ಎಂದರು. ನನ್ನನ್ನು ನೋಡಿ ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀನು ಬತ್ತೀನಿ ಅಂದಾಗ್ಲೇ ನಾವು ಅಂದ್ಕಂಡ್ವಿ, ಸುಮ್ನೆ ಈರುಳ್ಳಿ ನೋಡ್ಕಂಡು ಓಗಕ್ಕೆ ಬತ್ತಾಳೆ ಅಂತ."

ಸೋಮವಾರ ಬಸವನ ದಿನ, ಎತ್ತಿಗೆ ದುಡಿಮೆಯಿಲ್ಲ. ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ನನ್ನ ಪಟ್ಟಿಗೆ ಗೊತ್ತಿರಲಿಲ್ಲ. ನಮ್ಮ ಪಾಲಿನ ಸರಕಿಲ್ಲದೆ ಕಂಟೇನರ್ ಅರ್ಧ ಖಾಲಿಯಾಗಿ ಬಂದರಿಗೆ ಹೋಯಿತು. ವ್ಯಾಪಾರಿ ಖಾರವಾದ ಪತ್ರ ಬರೆದರು; ಇನ್ನೊಮ್ಮೆ ಹೀಗಾದರೆ ಒಪ್ಪಂದ ರದ್ದು ಎಂದರು.

ಆಡಳಿತ ಮಂಡಳಿಯ ಸಭೆಗೆ ನನ್ನನ್ನೂ ಕರೆದರು. ಪಟ್ಟಿ ಮಾಡಿದವರು ಯಾರು ಎಂದು ಅಧ್ಯಕ್ಷರು ಕೇಳಿದರು. ನನ್ನ ಪರೀಕ್ಷಾರ್ಥ ಅವಧಿ ಇನ್ನೂ ಮುಗಿದಿರಲಿಲ್ಲ. ಒಂದು ತಪ್ಪು ದಾಖಲಾದರೆ ಮನೆಗೆ ಹೋಗಬೇಕಿತ್ತು. ಪುಟ್ಟಸಿದ್ದಯ್ಯನವರು ಎದ್ದು ನಿಂತು, "ಪಟ್ಟಿ ನಂದು ಸಾ. ಸಹಿ ನೋಡಿ" ಎಂದರು. ನಾನು ಸುಮ್ಮನಿದ್ದೆ. ಆ ಮೌನದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ.

ಸಭೆ ಮುಗಿದ ಮರುದಿನವೇ ಅವರು ನನ್ನನ್ನು ಕರೆದುಕೊಂಡು ಗೋಪಿನಾಥಂಗೆ ಹೊರಟರು. ದಾರಿಯುದ್ದಕ್ಕೂ ಬೈಗುಳ ಕಾಯುತ್ತ ಕೂತಿದ್ದೆ. ಅವರು ಮಲೆ ಮಹದೇಶ್ವರ ಬೆಟ್ಟದಲ್ಲಿ ತಿಂಡಿ ಕೊಡಿಸಿದರು, ಅಷ್ಟೇ. ಹಾಡಿಯಲ್ಲಿ ವಾರ ಬದಲಿಸಿ ಎಂದು ಅವರು ಯಾರನ್ನೂ ಕೇಳಲಿಲ್ಲ. ರಸ್ತೆಯ ಬದಿಯಲ್ಲಿ ಜಾಗ ಗುರುತಿಸಿ, ಕಲ್ಲಿನ ಕಟ್ಟೆಯ ಮೇಲೆ ಬಿದಿರ ತಡಿಕೆಯ ನೆಲ, ಗಾಳಿಯಾಡಲು ಸುತ್ತ ಜಾಲರಿ, ಮೇಲೊಂದು ತಗಡು, ಹೀಗೆ ಮೂಟೆ ಇಡುವ ಒಂದು ಕೊಟ್ಟಿಗೆಯ ನಕ್ಷೆಯನ್ನು ನೆಲದ ಮೇಲೆಯೇ ಕೋಲಿನಿಂದ ಗೀಚಿದರು. ಗಾಡಿಗಳು ಭಾನುವಾರವೇ ಬಂದು ಮೂಟೆ ಇಳಿಸಲಿ, ಸೋಮವಾರ ಎತ್ತು ಮಲಗಲಿ, ಲಾರಿ ಹೊರಡಲಿ ಎಂಬುದು ಅವರ ಲೆಕ್ಕ. ಕೊಟ್ಟಿಗೆಯಿಂದ ಲಾರಿಗೆ ಮೂಟೆ ಹೊರುವುದೂ ದುಡಿಮೆಯೇ ಅಲ್ಲವೇ ಎಂದು ನಾನು ಅಳುಕುತ್ತಲೇ ಕೇಳಿದೆ.

"ಸ್ವಾಮಾರ ಎತ್ತಿಗ್ ರಜ ಕಣವ್ವ," ಎಂದು ಚಿಕ್ಕಮಾದಪ್ಪನವರು ನಕ್ಕರು. "ನಮ್ ಎಗಲಿಗೆ ಯಾವತ್ ರಜ ಕೊಟ್ಟವ್ರೆ? ಒರ್ತೀವಿ ಬುಡು."

ಮುಂದಿನ ಭಾನುವಾರ ಕೊಟ್ಟಿಗೆಗೆ ತಗಡು ಏರುವ ಮೊದಲೇ ಟಾರ್ಪಾಲಿನ ಕೆಳಗೆ ಮೂಟೆಗಳು ಬಂದು ಕೂತವು. ಆ ಮಂಗಳವಾರದಿಂದ ಈವರೆಗೆ ಲೋಡು ತಪ್ಪಿಲ್ಲ. ಅಂಥ ಕೊಟ್ಟಿಗೆಗಳು ಈಗ ಗಡಿಯುದ್ದಕ್ಕೂ ಒಂಬತ್ತಿವೆ. ದೂರದ ಜಿಲ್ಲೆಗಳಿಂದ ಅಧಿಕಾರಿಗಳು ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ. ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ಅವರು ಕೇಳಿದರೆ, ಗಾಡಿಯವರನ್ನು ಕೇಳಿ ಎಂದು ಪುಟ್ಟಸಿದ್ದಯ್ಯನವರು ಕೈ ತೋರಿಸುತ್ತಾರೆ.

ಅವರ ನಿವೃತ್ತಿಗೆಂದು ಸಂಘ ತರುತ್ತಿರುವ ಈ ಅಭಿನಂದನಾ ಸಂಪುಟದ ಪ್ರಕಟಣೆಯಲ್ಲಿ, ಅವರು ಹನೂರಿನ ಮೇಲಿನ ಪ್ರೀತಿಯಿಂದ ಜಿಲ್ಲಾ ಒಕ್ಕೂಟದ ವ್ಯವಸ್ಥಾಪಕ ಹುದ್ದೆಯನ್ನು ನಿರಾಕರಿಸಿದರು ಎಂಬ ಸಾಲಿದೆ. ನಾವೆಲ್ಲ ಹಾಗೆಯೇ ನಂಬಿದ್ದೆವು. ಕಳೆದ ತಿಂಗಳು ಅವರ ನಿವೃತ್ತಿಯ ಕಾಗದಗಳನ್ನು ಸಿದ್ಧಪಡಿಸಲು ಸೇವಾ ಪುಸ್ತಕ ತೆರೆದಾಗ ನಾನು ಓದಿದ್ದು ಬೇರೆ: "ತಪ್ಪು ವೇಳಾಪಟ್ಟಿ ತಯಾರಿಸಿ ಸಂಘದ ಹೆಸರಿಗೆ ಧಕ್ಕೆ ತಂದ ಕಾರಣ ವಾಗ್ದಂಡನೆ ವಿಧಿಸಿದೆ. ಬಡ್ತಿಗೆ ಪರಿಗಣಿಸತಕ್ಕದ್ದಲ್ಲ." ಅವರು ಯಾವ ಹುದ್ದೆಯನ್ನೂ ನಿರಾಕರಿಸಿರಲಿಲ್ಲ. ಆ ಹುದ್ದೆ ಅವರ ಹತ್ತಿರ ಬಂದೇ ಇರಲಿಲ್ಲ.

ಪುಸ್ತಕ ಹಿಡಿದುಕೊಂಡು ಅವರ ಮನೆಗೆ ಹೋದೆ. ನನಗೆ ಅಳು ತಡೆಯಲಾಗಲಿಲ್ಲ.

"ಅದ್ಯಾಕೆ ಈಗ ಕೆದಕ್ತೀಯೆ?" ಎಂದರು. "ನೀನು ಪ್ಯಾಟೆ ಉಡ್ಗಿ, ನಿಂಗ್ ಗೊತ್ತಿರ್ನಿಲ್ಲ. ನಾ ಮುಳ್ಳೂರ್ನಲ್ಲಿ ಎತ್ತು ಕಟ್ಟಿ ಬೆಳ್ದೋನು, ಓದ್ದೇನೆ ಸಯಿ ಆಕ್ದೆ. ತಪ್ಪು ಯಾರ್ದು?"

"ಆದರೂ ಸಾರ್, ನಡೆದದ್ದನ್ನು ಸಂಪುಟದಲ್ಲಿ ನಾನು ಬರೆಯುತ್ತೇನೆ."

"ಬರೀಬ್ಯಾಡ ಕಣವ್ವ. ಬರೋ ತಿಂಗ್ಳು ನನ್ ಕುರ್ಚಿಗೆ ನಿನ್ ಎಸ್ರೇ ಮಂಡಳಿ ಮುಂದೆ ಅದೆ. ಓದ್ದೇ ಬುಡ್ತಾರಾ ಅವ್ರು?"

ಓದಲಿ ಎಂದೇ ಬರೆದಿದ್ದೇನೆ. ಮೂವತ್ತಾರು ವರ್ಷದಲ್ಲಿ ಅವರ ಮಾತನ್ನು ಮೀರಿದವರು ಕಡಿಮೆ. ನಾನು ಮೀರುತ್ತಿರುವುದು ಇದೇ ಮೊದಲು. ಸೇವಾ ಪುಸ್ತಕದ ಆ ಟಿಪ್ಪಣಿಯನ್ನು ತಿದ್ದಬೇಕೆಂದು ಕೋರಿ ಮಂಡಳಿಗೆ ಪತ್ರವನ್ನೂ ಕೊಟ್ಟಿದ್ದೇನೆ.

ಪುಟ್ಟಸಿದ್ದಯ್ಯನವರಿಗೆ ದೀರ್ಘ ಆಯಸ್ಸು, ಗಟ್ಟಿ ಮಂಡಿ, ತುಂಬು ನೆಮ್ಮದಿ ಸಿಗಲಿ. ಹತ್ತನೆಯ ಕೊಟ್ಟಿಗೆಯ ಜಾಗ ಅವರೇ ಬಂದು ಗುರುತಿಸಲಿ. ತಮಿಳಿನಲ್ಲಿ ಎದುರಿನವರ ಕ್ಷೇಮ ಕೇಳುವುದನ್ನೂ ನಿಧಾನವಾಗಿ ಕಲಿಯಲಿ. ಅವರು ಬಂದಾಗ ಆ ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ ನನಗೆ ಗೊತ್ತಿಲ್ಲ. ಅಂದು ಸಭೆಯಲ್ಲಿ ಅಧ್ಯಕ್ಷರು ಕೇಳಿದ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಆ ಪಟ್ಟಿ ಮಾಡಿದವಳು ನಾನು, ಧನುಶ್ರೀ.