ಇಲಿ ಯಾವ ಕಡೆ ಓಡಿತು?

ಎದುರುಮನೆಯ ಅಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಗಳೂ ಸದಾ ಕಪ್ಪಾಗಿರುತ್ತಿದ್ದವು. ಕೊಬ್ಬರಿ ಚೂರನ್ನು ಬೆರಳಲ್ಲೇ ಹಿಡಿದು ಗ್ಯಾಸಿನ ಉರಿಯಲ್ಲಿ ಸುಡುತ್ತಿದ್ದರು. ಇಕ್ಕಳ ಎಂಬುದೊಂದು ಇದೆ ಎಂದು ಎಷ್ಟು ಹೇಳಿದರೂ ಕೇಳುವವರಲ್ಲ. ಆ ಚೂರನ್ನು ದಾರದಲ್ಲಿ ಬೋನಿನ ಕೊಕ್ಕೆಗೆ ಕಟ್ಟಿದರೆ ಘಮ ನಮ್ಮ ಮನೆಯವರೆಗೂ ಬರುತ್ತಿತ್ತು. ಮರುದಿನ ಬೆಳಗ್ಗೆ ಏಳೂವರೆಗೆ ಆ ಕಪ್ಪು ಬೆರಳು ನಮ್ಮ ಬಾಗಿಲು ತಟ್ಟಿತೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಇಲಿ ಬಿದ್ದಿದೆ ಎಂದರ್ಥ.

"ಮಗಾ, ಒಬ್ಬ ಸಿಕ್ಕಿದ್ದಾನೆ. ನೀನು ಹೇಗೂ ಸ್ಟೇಷನ್ನಿಗೆ ಹೋಗುದಲ್ವಾ, ಹಾಗೇ ಹಳಿ ದಾಟಿಸಿ ಬಿಟ್ಟು ಬಾ."

ಹೇಗೂ! ಆ ಒಂದು ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಚೆಂಬೂರಿನ ನಮ್ಮ ಬಿಲ್ಡಿಂಗಿನಿಂದ ಸ್ಟೇಷನ್ನಿಗೆ ಹತ್ತು ನಿಮಿಷ. ಅಲ್ಲಿಂದ ವಿ.ಟಿ. ಲೋಕಲ್ ಹಿಡಿದು ಬ್ಯಾಂಕು ಸೇರಬೇಕು. ಇಲಿಯ ಕೆಲಸವಿದ್ದರೆ ಸೇತುವೆ ಹತ್ತಿ ಇಳಿದು, ಆಚೆಯ ಬಯಲಿಗೆ ಹೋಗಿ, ಬೋನಿನ ಬಾಗಿಲೆತ್ತಿ, ಮತ್ತೆ ಸೇತುವೆ ಹತ್ತಿ ಬರುವಷ್ಟರಲ್ಲಿ ಎರಡು ಗಾಡಿ ಹೋಗಿರುತ್ತಿದ್ದವು. ಮೂರು ದಿನ ತಡವಾದರೆ ಅರ್ಧ ದಿನದ ರಜೆ ಖೋತಾ. ಇಲಿ ಬಿಡಲು ಹೋಗಿದ್ದೆ ಎಂದು ಮ್ಯಾನೇಜರರಿಗೆ ಹೇಗೆ ಹೇಳುವುದು? ಬೆಟ್ಟ ಅಗೆದು ಇಲಿ ಹಿಡಿದವರ ಗಾದೆ ಮೈಸೂರಿನಲ್ಲಿ ಕೇಳಿದ್ದೆ. ಹಿಡಿದ ಇಲಿಯನ್ನು ಬಿಡಲು ಸೇತುವೆ ಹತ್ತಿದವಳು ನಾನೊಬ್ಬಳೇ ಇರಬೇಕು.

ಆಗುವುದಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಎಂಟು ತಿಂಗಳ ನನ್ನ ಮಗಳನ್ನು ಬೆಳಗ್ಗೆ ಅವರ ತೊಡೆಯ ಮೇಲೆ ಮಲಗಿಸಿ ಹೋದರೆ ನಾನು ನೋಡುವುದು ಸಂಜೆ ಆರೂವರೆಗೆ. ಎಣ್ಣೆ, ನೀರು, ರಾಗಿ ಗಂಜಿ, ನಿದ್ದೆ, ಎಲ್ಲವೂ ಅವರದೇ. ಅದಕ್ಕಾಗಿ ಏನನ್ನು ಕೊಡಹೋದರೂ, "ಎಂತ ಮಾರಾಯ್ತಿ, ಮಗುವಿಗೂ ಬಿಲ್ಲು ಮಾಡುದಾ?" ಎಂದು ಗದರುತ್ತಿದ್ದರು. ಅವರು ನನ್ನಿಂದ ಕೇಳಿದ ಕೆಲಸ ಇದೊಂದೇ. ನನ್ನ ಗಂಡ ಪೇಪರಿನ ಹಿಂದಿನಿಂದ, "ಆಗಲ್ಲ ಅಂದ್ಬಿಡು" ಎನ್ನುತ್ತಿದ್ದರು. ತಾವು ಮಾತ್ರ ಒಮ್ಮೆಯೂ ಬೋನು ಮುಟ್ಟಲಿಲ್ಲ.

ಅಮ್ಮ ಉಡುಪಿಯ ಕಡೆಯವರು. ಗಂಡ ಹೋಟೆಲಿನಲ್ಲಿ ದೋಸೆ ಹೊಯ್ದು ಬದುಕಿದವರು, ತೀರಿಕೊಂಡಿದ್ದರು. ಮಗ ಮಲಾಡಿನಲ್ಲಿ ಹೋಟೆಲು ನಡೆಸುತ್ತಿದ್ದ. ಹೋಟೆಲಿನವರ ಒಂದು ಪದ್ಧತಿಯನ್ನು ಅವರು ಇಲಿಯ ವಿಷಯದಲ್ಲೂ ಬಿಟ್ಟಿರಲಿಲ್ಲ. ಹೊರಡುವವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಬಿದ್ದ ಇಲಿಗೆ ಬೆಳಗ್ಗೆ ಬಿಸಿ ದೋಸೆಯ ತುಂಡೊಂದನ್ನು ತಂತಿಯ ಸಂದಿಯಿಂದ ತೂರಿಸಿ, ಅದು ತಿಂದು ಮುಗಿಸುವವರೆಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ನಾನು ಗಡಿಯಾರ ನೋಡಿದರೆ, "ಊರು ಬಿಟ್ಟು ಹೋಗುವವ ಅಲ್ವಾ, ಎರಡು ತುತ್ತು ತಿನ್ನಲಿ" ಎನ್ನುತ್ತಿದ್ದರು. ನನ್ನ ದೋಸೆ ನಮ್ಮ ಮನೆಯಲ್ಲಿ ತಣ್ಣಗಾಗುತ್ತಿತ್ತು.

ಸಂಜೆ ಮಗುವನ್ನು ಕರೆದೊಯ್ಯಲು ಹೋದರೆ ಮೊದಲ ಪ್ರಶ್ನೆ ಅದೇ. "ಯಾವ ಕಡೆ ಓಡಿತು?"

ಬಯಲಿನ ಎಡಕ್ಕೆ ಪೊದೆಗಳು, ಬಲಕ್ಕೆ ಜೋಪಡಿಗಳು. ಬಲಗಡೆ ಎಂದರೆ ಅವರ ಮುಖ ಬಾಡುತ್ತಿತ್ತು. "ಛೆ, ಅಲ್ಲಿ ಪಾಪದವರು ಇದ್ದಾರೆ. ಅವರ ಅಕ್ಕಿಗೆ ಬಾಯಿ ಹಾಕ್ತದೆ." ಎಡಗಡೆ ಎಂದರೆ ನೆಮ್ಮದಿ.

ಮಳೆಗಾಲ ಬಂತು. ಒಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ವ್ಯಾನಿಟಿ ಬ್ಯಾಗು, ಇನ್ನೊಂದು ಕೈಯ ಚೀಲದಲ್ಲಿ ಇಲಿ. ಒಂದು ಬೆಳಗ್ಗೆ ಗೇಟಿನ ವಾಚ್‌ಮನ್ ನನ್ನ ಅವಸ್ಥೆ ನೋಡಿ ನಕ್ಕ. "ಇಧರ್ ದೇ ದೋ ಮೇಮ್‌ಸಾಬ್. ದೋ ಮಿನಿಟ್ ಕಾ ಕಾಮ್ ಹೈ." ತನಗೆ ಕೊಟ್ಟರೆ ಎರಡೇ ನಿಮಿಷದ ಕೆಲಸವಂತೆ. ಅವನ ಕೋಣೆಯ ಹಿಂದೆ ನೀರಿನ ಡ್ರಮ್ಮಿತ್ತು. ಬೋನನ್ನು ಅದರಲ್ಲಿ ಅದ್ದುವುದು, ಅಷ್ಟೇ. ನಾನು ಕೊಟ್ಟೆ. ತಿರುಗಿ ನೋಡದೆ ನಡೆದೆ. ಗಾಡಿ ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು.

ಸಂಜೆ ಖಾಲಿ ಬೋನನ್ನು ಅವನಿಂದ ತೆಗೆದುಕೊಂಡು ಮೆಟ್ಟಿಲು ಹತ್ತಿದೆ.

"ಯಾವ ಕಡೆ ಓಡಿತು?"

"ಎಡಗಡೆ ಅಮ್ಮ."

ಅಂದಿನಿಂದ ದೀಪಾವಳಿಯವರೆಗೆ ಅವರ ಇಲಿಗಳೆಲ್ಲ ಎಡಗಡೆಗೇ ಓಡಿದವು. ಕೆಲವಕ್ಕೆ ನಾನು ಬಣ್ಣವನ್ನೂ ಕಟ್ಟಿದೆ. ಒಂದು ತಿರುಗಿ ನೋಡಿತು, ಒಂದು ಮೂಗು ಒರೆಸಿಕೊಂಡಿತು. ಅಮ್ಮ ಖುಷಿಯಿಂದ ಅದನ್ನು ಮಗುವಿಗೆ ಹೇಳುತ್ತಿದ್ದರು. ನನ್ನ ಮಗಳು ಮೊದಲು ಜೋಡಿಸಿ ಆಡಿದ ಎರಡು ಪದ "ಇಲಿ ಟಾಟಾ". ನನಗೆ ನಾಚಿಕೆಯಾಗಬೇಕಿತ್ತು. ಗಾಡಿ ಸಿಗುತ್ತಿದ್ದ ಸಮಾಧಾನದಲ್ಲಿ ಆಗಲಿಲ್ಲ.

ದೀಪಾವಳಿಗೆ ಮುಂಚಿನ ಭಾನುವಾರ ಅಮ್ಮ ಬಾಗಿಲು ಬಡಿದರು. ಟ್ರಂಕು ಕ್ಲೀನು ಮಾಡಲು ಹೋಗಿ ಹಳೆಯ ಸೀರೆಗಳ ನಡುವೆ ಆರು ಮರಿ ಕಂಡಿದ್ದರು. ಇನ್ನೂ ಕಣ್ಣು ಬಿಡದ ಮರಿಗಳನ್ನು ಹತ್ತಿ ಹಾಸಿದ ತೆಂಗಿನ ಚಿಪ್ಪಿನಲ್ಲಿಟ್ಟು ತಂದು ನನ್ನ ಮೂಗಿನ ಕೆಳಗೆ ಹಿಡಿದರು.

"ನಿನ್ನೆ ನೀನು ಬಿಟ್ಟದ್ದು ಇವುಗಳ ತಾಯಿ ಮಾರಾಯ್ತಿ! ಹೋಗಿ ತರ್ಬೇಕು."

"ಬಿಟ್ಟ ಇಲೀನ ಹುಡುಕಿ ತರೋದಾ? ನಿಮಗೇನಾದ್ರೂ ತಲೆ ಕೆಟ್ಟಿದೆಯಾ ಅಮ್ಮ?"

"ಬಿಟ್ಟ ಜಾಗ ಗೊತ್ತುಂಟಲ್ಲ ನಿನಗೆ? ಬಾ, ತೋರಿಸು."

ಬೋನು, ಸುಟ್ಟ ಕೊಬ್ಬರಿ ಹಿಡಿದು ಅವರೇ ಮುಂದೆ ಹೊರಟರು. ಮಂಡಿ ನೋವಿನ ಹೆಂಗಸು. ಸೇತುವೆಯ ಮೆಟ್ಟಿಲಲ್ಲಿ ನಾಲ್ಕು ಕಡೆ ಕೂತರು. ಅಷ್ಟು ಹೊತ್ತಿಗೆ ಸೋತು ವಾಪಸಾಗುತ್ತಾರೆಂದು ನಾನು ಕಾದೆ. ಸೋಲಲಿಲ್ಲ. ನಾನು ಕಣ್ಣಿಗೆ ಬಿದ್ದ ಪೊದೆಯೊಂದನ್ನು ತೋರಿಸಿದೆ. ಅವರು ಬೋನಿಟ್ಟು, ಸೆರಗು ತಲೆಗೆ ಹಾಕಿಕೊಂಡು, ಬಿಸಿಲಲ್ಲಿ ಕಲ್ಲಿನ ಮೇಲೆ ಕೂತರು. ನಾನು ಏನೋ ಹೇಳಹೋದರೆ, "ಶ್, ಮಾತಾಡ್ಬೇಡ, ಹೆದರ್ತದೆ" ಎಂದರು. ಒಂದು ಗಂಟೆಯಾಯಿತು. ಅವರ ಕಣ್ಣು ಆ ಪೊದೆಯಿಂದ ಕದಲಲಿಲ್ಲ.

ನನ್ನಿಂದ ತಡೆಯಲಾಗಲಿಲ್ಲ. "ಅದು ಬರೋದಿಲ್ಲ ಅಮ್ಮ" ಎಂದೆ. ಡ್ರಮ್ಮಿನ ವಿಷಯ ಹೇಳಿದೆ.

ಅವರು ಪೊದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ತಿರುಗಿ ನೋಡಿತು ಅಂದಿದ್ದಿಯಲ್ಲ, ಅದು?"

"ಅದೂ."

"ಎಲ್ಲದಕ್ಕೂ ನಾನು ದೋಸೆ ಕೊಟ್ಟು ಕಳಿಸಿದ್ದೆ" ಎಂದರು. "ನನ್ನ ಕೈಯಲ್ಲಿ ತಿಂದು ಹೋದವು. ಆಗುದಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು ಮಗಾ. ನಾನೇ ಬರ್ತಿದ್ದೆ."

ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಬೈಯಲಿಲ್ಲ. ಹತ್ತಿಯ ಬತ್ತಿಯಲ್ಲಿ ಎರಡು ದಿನ ಹಾಲು ಹಿಂಡಿದರೂ ಮರಿಗಳು ಉಳಿಯಲಿಲ್ಲ. ಇನ್ನು ನನ್ನ ಮಗುವನ್ನು ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಸೋಮವಾರ ಹೆದರುತ್ತಲೇ ಬಾಗಿಲು ತಟ್ಟಿದ್ದೆ. ಎಂದಿನಂತೆ ಕೈ ಚಾಚಿ ಎತ್ತಿಕೊಂಡರು. ಇಲಿಯ ಮಾತಿಲ್ಲ. ಏಳೂವರೆಗೆ ಬಾಗಿಲು ತಟ್ಟುವುದು ನಿಂತಿತು.

ಬಿಡುಗಡೆಯಾಯಿತು ಎಂದುಕೊಂಡೆ. ಮುಂದಿನ ವಾರ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೇಲೆ ನೋಡುತ್ತೇನೆ, ಸೇತುವೆಯ ಕಂಬಿ ಹಿಡಿದು ಅಮ್ಮ ಹೋಗುತ್ತಿದ್ದಾರೆ. ಒಂದು ಕಂಕುಳಲ್ಲಿ ನನ್ನ ಮಗಳು, ಮೊಣಕೈಗೆ ತೂಗುಹಾಕಿದ ಚೀಲದಲ್ಲಿ ಬೋನು. ಬಂದ ಗಾಡಿಯನ್ನು ಬಿಟ್ಟು ಓಡಿದೆ. "ನಿಮ್ಮ ಹಟಕ್ಕೆ ನನ್ನ ಮಗುವನ್ನೂ ಬೀಳಿಸ್ತೀರಾ?" ಎಂದು ಅಷ್ಟು ಜನರ ಮುಂದೆ ಕಿರುಚಿ ಚೀಲ ಕಿತ್ತುಕೊಂಡೆ. ಅವರು ಸುಮ್ಮನೆ ಕೊಟ್ಟರು.

ಆಮೇಲೆ ಏಳು ವರ್ಷ ನಾನೇ ಹೊತ್ತೆ. ಬೈದುಕೊಂಡು, ಹಲ್ಲು ಕಚ್ಚಿಕೊಂಡು, ರಜೆ ಕಳೆದುಕೊಂಡು ಹೊತ್ತೆ. ಒಂದನ್ನೂ ವಾಚ್‌ಮನ್ನನಿಗೆ ಕೊಡಲಿಲ್ಲ. ಆದರೆ ಯಾವ ಕಡೆ ಓಡಿತು ಎಂದು ಅಮ್ಮ ಮತ್ತೆ ಒಮ್ಮೆಯೂ ಕೇಳಲಿಲ್ಲ. ನಾನೇ ಹೇಳಹೋದರೆ, "ಆಯ್ತು ಮಗಾ, ಚಾ ಕುಡಿ" ಎಂದು ಲೋಟ ಮುಂದಿಡುತ್ತಿದ್ದರು. ನನ್ನ ಬಾಯಿಂದ ಇನ್ನೊಂದು ಸುಳ್ಳು ಬರುವುದು ಬೇಡವೆಂದೋ, ಬಂದರೆ ತಾವು ನಂಬುವುದು ಬೇಡವೆಂದೋ, ಗೊತ್ತಿಲ್ಲ. ಅವರು ಒಂದು ಸಲ ಕೇಳಲಿ ಎಂದು ನಾನು ಏಳು ವರ್ಷ ಕಾದೆ.

ತೊಂಬತ್ತೆರಡರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವರು ಏಳಲಿಲ್ಲ. ಮಲಾಡಿನಿಂದ ಮಗ ಬಂದ, ನೆಂಟರು ಬಂದರು, ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದರು. ಚೊಂಬು ತರಲು ಅಡುಗೆಮನೆಗೆ ಹೋದರೆ ಒಲೆಯ ಕೆಳಗೆ ಬೋನು, ಅದರೊಳಗೆ ಇಲಿ. ಸಾಯುವ ದಿನವಾದರೂ ನನ್ನನ್ನು ಬಿಡಬಾರದಿತ್ತೇ ಎಂದು ಸಿಟ್ಟು ಬಂತು, ಅಲ್ಲೇ ಕೂತು ಅತ್ತೆ. ಆ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ. ನಮ್ಮ ಮನೆಗೆ ಹೋಗಿ ದೋಸೆ ಹೊಯ್ದು, ಒಂದು ತುಂಡು ತಂದು ತೂರಿಸಿ, ತಿಂದು ಮುಗಿಸುವವರೆಗೆ ನಿಂತೆ. ಚೀಲ ಹಿಡಿದು ಹೊರಟಾಗ ನನ್ನ ಗಂಡ ಮೆಟ್ಟಿಲಲ್ಲಿ ತಡೆದರು. "ಇವತ್ತೂ ಇಲೀನಾ? ಇನ್ನೇನು ಎತ್ತುತ್ತಾರೆ ಕಣೇ."

"ಬರ್ತೀನಿ, ಅಷ್ಟರೊಳಗೆ ಎತ್ತಬೇಡಿ ಅನ್ನಿ" ಎಂದು ಓಡಿದೆ.

ಬಯಲಲ್ಲಿ ಬೋನಿನ ಬಾಗಿಲೆತ್ತಿ, ಇಲಿ ಓಡಿದ ಕಡೆಯನ್ನು ಕಣ್ಣಾರೆ ನೋಡಿ, ಏದುಸಿರು ಬಿಡುತ್ತ ವಾಪಸು ಬಂದಾಗ ಚಟ್ಟ ಕಟ್ಟಿ ಮುಗಿದಿತ್ತು. ಅಮ್ಮನ ಪಕ್ಕದಲ್ಲಿ ಕೂತು ಆ ಕಪ್ಪು ಬೆರಳುಗಳನ್ನು ಹಿಡಿದುಕೊಂಡೆ. ಎಡಗಡೆ ಎಂದರೆ ಅವರಿಗೆ ನೆಮ್ಮದಿ ಎಂದು ಗೊತ್ತಿತ್ತು. ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ.

"ಬಲಗಡೆ ಓಡಿತು ಅಮ್ಮ."