ಸೀಸೆಯೊಳಗಿನ ಹಕ್ಕಿಗೆ ಕಣ್ಣು ಬರೆದದ್ದು

ಚೀನಾದ ಜೊತೆಗಿನ ಯುದ್ಧ ಮುಗಿದು ವರ್ಷ ಕಳೆದಿತ್ತಷ್ಟೆ. ಚೀನಾ ಎಂದರೆ ಜನ ಮುಖ ಸಿಂಡರಿಸುತ್ತಿದ್ದ ಕಾಲ. ಅದಕ್ಕೇ ಇರಬೇಕು, ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಸಾಗರದ ನಮ್ಮ ಮನೆಗೆ ಬಂದವರು ಮೊದಲು ಬಾಗಿಲು ಹಾಕಿಸಿ, ಆಮೇಲೆ ಟವೆಲಿನ ಗಂಟು ಬಿಚ್ಚಿದರು. ಒಳಗಿದ್ದದ್ದು ಚೀನಾದಲ್ಲಿ ಮಾಡಿದ, ಹೆಬ್ಬೆರಳುದ್ದದ ಗಾಜಿನ ನಶ್ಯದ ಸೀಸೆ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ತಂದುಕೊಟ್ಟದ್ದಂತೆ. ತಮ್ಮ ತೀರಿಹೋಗಿದ್ದ. ಸೋಮವಾರದೊಳಗೆ ಸೀಸೆಗೊಂದು ಗಂಧದ ಪೆಟ್ಟಿಗೆ ಬೇಕಿತ್ತು.

ನಾವು ಗುಡಿಗಾರರು, ಗಂಧದಲ್ಲಿ ಏನು ಹೇಳಿದರೂ ಕೆತ್ತುವವರು. ನನಗಾಗ ಇಪ್ಪತ್ತು. ಸೀಸೆಯ ಚಿತ್ರ ನೋಡಿ ಹುಚ್ಚೇ ಹಿಡಿಯಿತು. ಕೊಂಬೆಯ ಮೇಲೆ ಎರಡು ಬಿಳಿ ಹಕ್ಕಿ, ಗರಿ ಎಣಿಸುವಷ್ಟು ಸ್ಪಷ್ಟ. ಬೆರಳಾಡಿಸಿದರೆ ಬರೀ ನುಣುಪು ಗಾಜು. ಬಣ್ಣ ಎಲ್ಲಿದೆ? ಗಾಜು ಕಾಯಿಸುವಾಗಲೇ ಸೇರಿಸಿದ್ದಾರೆ ಎಂದು ಅಪ್ಪಯ್ಯ ತೀರ್ಪು ಕೊಟ್ಟರು.

ಅದನ್ನು ನಂಬಿ ಕೆಟ್ಟೆ. ಒಳಗೆ ಹಳೆಯ ನಶ್ಯ ಮೆತ್ತಿಕೊಂಡಿತ್ತು. ಬಾಯಿ ಸಣ್ಣದಾದ ಸೀಸೆಗಳನ್ನು ನಮ್ಮಲ್ಲಿ ತೊಳೆಯುವ ಹಾಗೆಯೇ ನುಚ್ಚಕ್ಕಿ, ಬಿಸಿನೀರು ಹಾಕಿ ಗಡಗಡ ಕುಲುಕಿದೆ. ಎತ್ತಿ ನೋಡಿದರೆ ಎಡಗಡೆಯ ಹಕ್ಕಿ ಇಲ್ಲ! ಬಲಗಡೆಯದು ಹೇಗೋ ಉಳಿದಿತ್ತು.

ನೀರು ಬಗ್ಗಿಸಿದರೆ ಬಿಳಿ ಬಣ್ಣ ಇಳಿಯಿತು. ನಿಜ ಹೇಳಬೇಕೆಂದರೆ ಹೆದರಿಕೆಯ ಬೆನ್ನಿಗೇ ಕುಣಿಯುವಷ್ಟು ಖುಷಿಯೂ ಆಯಿತು. "ಅಪ್ಪಯ್ಯಾ, ಒಳಗಿಂದ ಬರ್ದಿದಾರೆ! ಈ ಸಣ್ಣ ಬಾಯಲ್ಲಿ ಕುಂಚ ಹಾಕಿ ಬರ್ದಿದಾರೆ!" ಎಂದು ಕೂಗಿದೆ.

"ಬರ್ದಿದ್ದನ್ನ ನೀನು ತೊಳ್ದ್ಯಲ್ಲೇ ಮಾರಾಯ್ತಿ! ಸೋಮವಾರ ಮೇಷ್ಟ್ರಿಗೆ ಎಂಥ ತೋರ್ಸ್ತೀಯೆ?" ಅಪ್ಪಯ್ಯ ತಲೆಯ ಮೇಲೆ ಕೈ ಹೊತ್ತು ಕೂತರು.

ಇನ್ನು ನಾಲ್ಕೇ ದಿನ. ಅಳಿಲಿನ ಬಾಲದ ಕೂದಲನ್ನು ಬಗ್ಗಿಸಿದ ತಂತಿಗೆ ಕಟ್ಟಿ, ಖಾಲಿ ಅತ್ತರಿನ ಸೀಸೆಯಲ್ಲಿ ಅಭ್ಯಾಸಕ್ಕೆ ಕೂತೆ. ಮೈ ಬರೆದೆ, ರೆಕ್ಕೆ ಬರೆದೆ, ಎಲ್ಲ ಮುಗಿದ ಮೇಲೆ ಕಣ್ಣಿಟ್ಟೆ. ನಮ್ಮ ಮನೆಯಲ್ಲಿ ಚೌತಿ ಗಣಪತಿಗಾಗಲಿ ಗೊಂಬೆಗಾಗಲಿ ಕಣ್ಣು ಕಟ್ಟಕಡೆಗೆ. ಅದೂ ಅಪ್ಪಯ್ಯನ ಕೈಯಿಂದಲೇ. ಅಣ್ಣಂದಿರಿಗೂ ಅವರು ಅದನ್ನು ಬಿಟ್ಟುಕೊಟ್ಟವರಲ್ಲ. ಸೀಸೆಯನ್ನು ಹೊರಗಿನಿಂದ ನೋಡಿದರೆ ನನ್ನ ಹಕ್ಕಿ ಕುರುಡು. ಮತ್ತೆ ಬರೆದೆ, ಮತ್ತೆ ಕುರುಡು. ಎರಡು ದಿನ ಹೀಗೇ ಹೋಯಿತು. "ಚೀನಾದ ಹಕ್ಕಿ, ನಿನ್ನ ಮುಖ ನೋಡಲ್ಲ ಅಂತದೆ," ಎಂದು ಅಮ್ಮ ಬೇರೆ ಛೇಡಿಸಿದಳು.

ಮೂರನೆಯ ದಿನ ದೋಸೆ ತಿನ್ನುತ್ತಾ ಹೊಳೆಯಿತು. ಒಳಗಿನಿಂದ ಬರೆಯುವಾಗ ಮೊದಲು ಇಟ್ಟದ್ದೇ ಹೊರಗಿನವರಿಗೆ ಎದುರಾಗಿ ಕಾಣುವುದು! ಕಡೆಗೆ ಇಟ್ಟ ಕಣ್ಣು ಬಿಳಿ ಬಣ್ಣದ ಹಿಂದೆ ಅಡಗಿ ಕೂತಿತ್ತು. ಎಂಜಲು ಕೈಯಲ್ಲೇ ಎದ್ದು ಓಡಿದೆ. "ಅಪ್ಪಯ್ಯಾ, ಕಣ್ಣು ಮೊದ್ಲು ಬರೀಬೇಕು!"

ಪೆಟ್ಟಿಗೆ ಕೆತ್ತುತ್ತಿದ್ದ ಅವರು ಉಳಿ ಕೆಳಗಿಟ್ಟರು. "ಮೈಯೇ ಇಲ್ದೆ ಕಣ್ಣಾ?" ಎಂದು ಗೊಣಗಿ, ಮೇಷ್ಟ್ರ ಸೀಸೆ ಎತ್ತಿಕೊಂಡು ಕುಂಚ ತಾವೇ ಹಿಡಿದರು. ಕಣ್ಣಲ್ಲವೇ, ಅದು ಅವರ ಪಾಲಿನದು. ಆದರೆ ಆ ವರ್ಷ ಅವರ ಕೈ ನಡುಗಲು ಶುರುವಾಗಿತ್ತು. ತಂತಿ ಸೀಸೆಯ ಬಾಯಿಗೆ ತಾಗಿ ಕಟಕಟ ಸದ್ದಾಯಿತು. ಸೀಸೆ, ಕುಂಚ ಎರಡನ್ನೂ ನನ್ನ ಕೈಗಿಟ್ಟರು. ಉಸಿರು ಬಿಗಿಹಿಡಿದು ಒಂದು ಕಪ್ಪು ಚುಕ್ಕೆ ಇಟ್ಟೆ. ಆಮೇಲೆ ಕೊಕ್ಕು, ಗರಿ, ಕಡೆಗೆ ಬಿಳಿ ಮೈ. ತಿರುಗಿಸಿದರೆ ಹಕ್ಕಿ ನನ್ನನ್ನೇ ನೋಡುತ್ತಿತ್ತು! ಅಂಗಳವೆಲ್ಲ ಕುಣಿದೆ.

ಸೋಮವಾರ ಸೀಸೆಯನ್ನು ಬೆಳಕಿಗೆ ಹಿಡಿದ ಮೇಷ್ಟ್ರು ಕೈ ಇಳಿಸಲೇ ಇಲ್ಲ. "ಈ ಎಡಗಡೇದು ಬೇರೆ ಥರ ಉಂಟಲ್ಲ?" ಎಂದರು. ಹಕ್ಕಿ ತೊಳೆದುಹೋದದ್ದು, ಮತ್ತೆ ಬರೆದದ್ದು ಎಲ್ಲವನ್ನೂ ಒದರಿಬಿಟ್ಟೆ; ಕಣ್ಣು ಯಾರದೆಂದು ಮಾತ್ರ ಹೇಳಲಿಲ್ಲ.

"ಹೋದದ್ದು ನನ್ನ ತಮ್ಮ ನೋಡಿದ್ದ ಹಕ್ಕಿ," ಎಂದು ಅವರು ಮುಖ ಸಪ್ಪಗೆ ಮಾಡಿದರು. ಹಕ್ಕಿಯನ್ನು ಮತ್ತೊಮ್ಮೆ ನೋಡಿ, ಅಪ್ಪಯ್ಯನತ್ತ ತಿರುಗಿ, "ಆದ್ರೂ ಕಣ್ಣು ಜೀವ ಇದ್ದ ಹಾಗೆ ಬಂದದೆ. ಅದು ನಿಮ್ದೇ ಅಲ್ವಾ?" ಎಂದರು.

ಅಪ್ಪಯ್ಯ ಹೌದು ಎಂದಿದ್ದರೆ ನಾನು ಬಾಯಿಬಿಡುತ್ತಿರಲಿಲ್ಲ. "ಅಲ್ಲ ಮೇಷ್ಟ್ರೇ, ಇವಳದ್ದು," ಎಂದರು. "ನನ್ನ ಕೈ ಹೋಯ್ತು. ಇನ್ಮೇಲೆ ನಮ್ಮನೇಲಿ ಕಣ್ಣು ಬರಿಯೋಳು ಇವಳೇ."

ಹಕ್ಕಿ ಅಳಿಸಿಹೋದಾಗಲೂ ಬಾರದ ಅಳು ನನಗೆ ಆಗ ಬಂತು.